‘ತಂತಿ ತೊಗಲು’ ಹಾಡುಗಳನ್ನು ನಾವು ರಿಪೇರಿ ಮಾಡಿದ್ದು

ಸದ್ದು ಹಿಡಿದಿಡುವ ಕೆಲಸದಲ್ಲಿ ನಾನು ಮೂವತ್ತೆಂಟು ವರ್ಷ ಇದ್ದೆ. ಅದರಲ್ಲಿ ಕೊನೆಯ ಮೂವತ್ತು ವರ್ಷಗಳ ಬಗ್ಗೆ ಹೇಳಲು ವಿಶೇಷವೇನೂ ಇಲ್ಲ. ಧಾರವಾಡದ ಒಂದು ಸ್ಟುಡಿಯೋದಲ್ಲಿ ಕುಳಿತೆ, ಗುಂಡಿ ತಿರುಗಿಸಿದೆ, ಕುರ್ಚಿ ಬದಲಾಯಿತು, ಕೊನೆಗೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಸನ್ಮಾನಪತ್ರದಲ್ಲಿ ನನ್ನನ್ನು ‘ನಾದತಪಸ್ವಿ’ ಎಂದು ಕರೆದಿದ್ದಾರೆ. ಬರೆದವರು ನಾನು ಮಾಡಿದ ಒಂದು ರೆಕಾರ್ಡಿಂಗನ್ನೂ ಕೇಳಿರಲಿಲ್ಲ. ಕೇಳಿದ್ದರೆ ಆ ಶಬ್ದ ಬರೆಯಲು ಕೈ ಏಳುತ್ತಿರಲಿಲ್ಲ.

ಈಗ ಈ ಕೆಲಸಕ್ಕೆ ಬರುವವರು ನನ್ನನ್ನು ಹುಡುಕಿಕೊಂಡು ಬಂದು, ‘ಹಳೆಯ ಹಾಡುಗಳನ್ನು ರೀಮಿಕ್ಸ್ ಮಾಡುತ್ತಿದ್ದೇವೆ, ಸಲಹೆ ಕೊಡಿ’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ನಿನ್ನೆ ಹುಟ್ಟಿದ ವಿದ್ಯೆ. ಎಪ್ಪತ್ತರ ದಶಕದಲ್ಲಿ, ಬೈಲಹೊಂಗಲದ ಒಂದು ಲೌಡ್‌ಸ್ಪೀಕರ್ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ನಾನು ಅದನ್ನು ಮಾಡಿದ್ದೇನೆ. ಆಗ ಅದಕ್ಕೆ ಆ ಹೆಸರಿರಲಿಲ್ಲ. ನಮ್ಮ ಸಾವಕಾರರು ಅದನ್ನು ‘ರಿಪೇರಿ’ ಎನ್ನುತ್ತಿದ್ದರು.

ನಮ್ಮದು ಸಂಪಗಾಂವದ ಪೌರೋಹಿತ್ಯದ ಮನೆತನ. ನಾನು ಮ್ಯಾಟ್ರಿಕ್ ಮುಗಿಸಿ ರೇಡಿಯೋ ರಿಪೇರಿ ಕಲಿತು ಬೈಲಹೊಂಗಲದ ರುದ್ರಪ್ಪ ಸಾವಕಾರರ ಅಂಗಡಿ ಸೇರಿದಾಗ ನನ್ನ ತಂದೆ ಎಂಟು ದಿನ ಮಾತು ಬಿಟ್ಟರು. ಒಂಬತ್ತನೆಯ ದಿನ ಊಟಕ್ಕೆ ಕೂತಾಗ, “ನಮ್ಮಪ್ಪ ನಾಕು ಮಂದಿ ಕೇಳೂಹಂಗ ಮಂತ್ರಾ ಹೇಳಲಿಕ್ಕೆ ಹೊಟ್ಟಿಯಿಂದ ದನಿ ತಗೀತಿದ್ದ. ನನ್ನ ಮಗಾ ‘ಹಲೋ ಹಲೋ’ ಅನ್ನಲಿಕ್ಕೂ ಮಷೀನ್ ಹಚ್ತಾನ” ಎಂದು ನನ್ನ ತಾಯಿಗೆ ಹೇಳಿದರು. ಅವರು ನನ್ನ ವೃತ್ತಿಯ ಬಗ್ಗೆ ಆಡಿದ್ದು ಅದೊಂದೇ ಮಾತು. ಯೋಚಿಸಿದರೆ ಅದೂ ಸರಿಯಾಗಿಯೇ ಇತ್ತು.

ರುದ್ರಪ್ಪ ಸಾವಕಾರರಿಗೆ ಸದ್ದಿನ ಬಗ್ಗೆ ಗೊತ್ತಿದ್ದದ್ದು ಒಂದೇ: ಅದು ಜೋರಾಗಿರಬೇಕು. “ಇಲ್ಲಿ ಹಚ್ಚಿದ್ರ ನಿಮ್ಮ ಸಂಪಗಾಂವಕ್ಕ ಕೇಳಬೇಕು ನೋಡು ಜೋಶಿ. ಮಂದಿ ಕಿವಿಗೆ ಕೈ ಹಚ್ಚಿದ್ರ ನಮ್ಮ ಕೆಲಸ ಬರೋಬ್ಬರಿ ಆಗೇತಿ ಅಂತ ತಿಳಕೋ” ಎನ್ನುತ್ತಿದ್ದರು. ಮದುವೆ, ಸಭೆ, ಉರುಸು, ಶಾಲೆಯ ಗ್ಯಾದರಿಂಗ್ ಎಲ್ಲ ಕಡೆ ನಾನು ಕಹಳೆಯಂಥ ಹಾರ್ನ್ ಸ್ಪೀಕರುಗಳನ್ನು ಮರಕ್ಕೆ ಕಟ್ಟಿ ಜನರ ಕಿವಿ ಹಾಳುಮಾಡುತ್ತಿದ್ದೆ. ಜನ ಅದಕ್ಕೆ ಖುಷಿಪಡುತ್ತಿದ್ದರು. ಮುಂದೆ ಅಂಗಡಿಗೆ ಒಂದು ಟೇಪ್ ರೆಕಾರ್ಡರ್ ಬಂತು. ಟ್ರಂಕಿನಂಥ ಪೆಟ್ಟಿಗೆ, ಅದರ ಮೇಲೆ ಎರಡು ರೀಲು. ಅದು ಬಂದ ಮೇಲೆ ನಾನು ಬರೀ ಮೈಕಿನವನಾಗಿ ಉಳಿಯಲಿಲ್ಲ, ‘ರೆಕಾರ್ಡಿಸ್ಟ್’ ಆದೆ. ಹಾಗೆಂದು ಬೇರೆ ಯಾರೂ ಕರೆಯಲಿಲ್ಲ, ನಾನೇ ಕರೆದುಕೊಂಡೆ.

ರೆಕಾರ್ಡಿಸ್ಟನಾಗಿ ನನ್ನ ಮೊದಲ ಸಾಧನೆ ಕಿತ್ತೂರಿನಲ್ಲಿ ಆಯಿತು. ಒಬ್ಬ ಮುಖಂಡರು ತಮ್ಮ ಭಾಷಣವನ್ನು ನಮ್ಮ ಅಂಗಡಿಯಲ್ಲಿ ಟೇಪ್ ಮಾಡಿಸಿ, ಅದನ್ನು ಕಿತ್ತೂರಿನ ಸಭೆಯಲ್ಲಿ ತಮ್ಮ ಎದುರಿಗೇ ಕೇಳಿಸಬೇಕೆಂದು ಅಪ್ಪಣೆ ಕೊಟ್ಟರು. ಅವರೇ ವೇದಿಕೆಯ ಮೇಲಿರುವಾಗ ಟೇಪು ಯಾಕೆ ಎಂದು ಯಾರೂ ಕೇಳಲಿಲ್ಲ. ಟೇಪಿನಲ್ಲಿ ಬಂದ ಮಾತಿಗೆ ಆಗ ಅಷ್ಟು ಬೆಲೆ. ನಮ್ಮ ಅಂಗಡಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಮಗ್ಗುಲಿಗಿತ್ತು. ಜಿನ್ನು ನಡೆದಾಗ ವೋಲ್ಟೇಜು ಇಳಿದು ನಮ್ಮ ಮಷೀನಿನ ಮೋಟಾರು ನಿಧಾನ ತಿರುಗುತ್ತಿತ್ತು. ನಾನು ಭಾಷಣ ಹಿಡಿದದ್ದು ಜಿನ್ನು ಭರದಿಂದ ನಡೆದಿದ್ದ ಹೊತ್ತಿನಲ್ಲಿ. ಕಿತ್ತೂರಿನಲ್ಲಿ ಕರೆಂಟು ಭರ್ತಿ ಇತ್ತು. ಗುಂಡಿ ಒತ್ತಿದ ಕೂಡಲೇ ಆ ಗಡ್ಡದ ಮುಖಂಡರು ಹತ್ತು ವರ್ಷದ ಹುಡುಗಿಯ ದನಿಯಲ್ಲಿ, ಓಡುತ್ತೋಡುತ್ತ, ನಾಡಿನ ಶೌರ್ಯದ ಬಗ್ಗೆ ಮಾತಾಡತೊಡಗಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಮುಖಂಡರು ಮಾತ್ರ ಗಂಭೀರವಾಗಿ ಕೇಳಿಸಿಕೊಂಡು, ಪಕ್ಕದವರಿಗೆ “ಯಾರೋ ಈ ಹೆಣ್ಮಗಳು? ಛಲೋ ಮಾತಾಡತಾಳ” ಎಂದರು. ತಮ್ಮದೇ ಮಾತು ಅವರಿಗೆ ಗುರುತು ಸಿಗಲಿಲ್ಲ. ಆವತ್ತಿನಿಂದ ಮುಖ್ಯವಾದದ್ದನ್ನೆಲ್ಲ ನಾನು ಜಿನ್ನಿಗೆ ರಜೆ ಇದ್ದ ರವಿವಾರ ಮಾತ್ರ ರೆಕಾರ್ಡ್ ಮಾಡತೊಡಗಿದೆ.

ಅಂಥ ಒಂದು ರವಿವಾರ ಅನಂತ ಮಾಸ್ತರರು ಅಂಗಡಿಗೆ ಬಂದರು. ಅವರು ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದರು. ರೇಡಿಯೋದ ಶಾರ್ಟ್‌ವೇವಿನಲ್ಲಿ ಪರದೇಶದ ರಾಕ್ ಸಂಗೀತ ಕೇಳಿ ಕೇಳಿ, ತಾವೇ ಒಂದು ಎಲೆಕ್ಟ್ರಿಕ್ ಗಿಟಾರು ಮಾಡಿಕೊಂಡಿದ್ದರು. ಕಟ್ಟಿಗೆ ಕೆತ್ತಿದ್ದು ಬಡಿಗ. ತಂತಿಯ ಕೆಳಗಿನ ಅಯಸ್ಕಾಂತಕ್ಕೆ ಕೂದಲೆಳೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು ಸ್ವತಃ ಮಾಸ್ತರರು. ಅಂಗಡಿಯ ಮೂಲೆಯಲ್ಲಿ ಕಾಗದ ಹರಿದು ಬಿದ್ದಿದ್ದ ಒಂದು ಸ್ಪೀಕರಿನ ಕಡೆ ಕೈತೋರಿಸಿ, “ಅದನ್ನ ಕೊಡ್ರಿ” ಎಂದರು.

“ಮಾಸ್ತರ, ಅದು ಹರದದ. ಬೇರೆ ಛಲೋದು ಕೊಡ್ತೇನಿ” ಎಂದೆ.

“ಹರದದ್ದ ಬೇಕು. ಅದರೊಳಗ ತಂತಿ ನುಡಿಸಿದ್ರ ಗರಗಸದ ದನಿ ಬರ್ತದ. ಎಷ್ಟು ಛಂದ ಕೇಳಿಸ್ತದ ನೋಡ್ರಿ.”

ಮಾಸ್ತರರು ತಮ್ಮ ಮೇಳಕ್ಕೆ ‘ತಂತಿ ತೊಗಲು’ ಎಂದು ಹೆಸರಿಟ್ಟಿದ್ದರು. ತಂತಿ ಅವರದು. ತೊಗಲು ಎಂದರೆ ಹಲಗಿ, ಅದನ್ನು ಬಾರಿಸುವವರು ಮುನವಳ್ಳಿಯ ಪರಸಪ್ಪ. ಪರಸಪ್ಪನವರಿಗೆ ಅಲ್ಲಿನ ಜಲಾಶಯದಲ್ಲಿ ದಿನಾಲು ನೀರಿನ ಮಟ್ಟ ಓದಿ ಬರೆದಿಡುವ ನೌಕರಿ. ಮೂರನೆಯವರು ರಾಮದುರ್ಗದ ಸಾವಿತ್ರಿಬಾಯಿ. ನಾಟಕ ಕಂಪನಿಯಲ್ಲಿ ಹಾಡಿ ಹಾಡಿ ಗಂಟಲು ಒಡೆದು, ಕಂಪನಿ ಬಿಟ್ಟು ಮನೆಯಲ್ಲಿದ್ದರು. ಆ ಒಡೆದ ದನಿಯೇ ಬೇಕೆಂದು ಮಾಸ್ತರರು ಅವರ ಬೆನ್ನು ಬಿದ್ದಿದ್ದರು.

ಮೊದಲ ದಿನ ಪರಸಪ್ಪನವರು ಹಲಗಿ ಹಿಡಿದು ಬಾಗಿಲಿಗೆ ಬಂದಾಗ, ಹಲಗಿಯವನಲ್ಲವೇ ಎಂದುಕೊಂಡು ನಾನು ಹಿಂದುಮುಂದು ನೋಡದೆ, “ಬಾ, ಅಲ್ಲಿ ಕುಂಡ್ರು” ಎಂದುಬಿಟ್ಟೆ. ನನಗಿಂತ ಹದಿನೈದು ವರ್ಷ ಹಿರಿಯರು. ಅವರು ನಕ್ಕು, “ಬರತೇನ್ರಿ. ನೀವೂ ಕುಂಡ್ರಿ, ಯಾಕ ನಿಂತೀರಿ?” ಎಂದರು. ನನ್ನ ಕಿವಿ ಬಿಸಿಯಾಯಿತು. ಮುಂದೆ ಆ ತಪ್ಪು ಮಾಡಲಿಲ್ಲ. ಅದಕ್ಕಿಂತ ದೊಡ್ಡದನ್ನು ಮಾಡಿದೆ.

ಗೋಡೆಗೆ ಗೋಣಿಚೀಲ ತೂಗುಹಾಕಿ, ಬಾಗಿಲಿಗೆ ಗಾದಿ ಒತ್ತಿಟ್ಟು, ನಾಲ್ಕು ರವಿವಾರಗಳಲ್ಲಿ ಆರು ಹಾಡು ಹಿಡಿದೆವು. ಹಾಡು ಎಂದರೆ ನೀವು ಅಂದುಕೊಂಡಂಥದ್ದಲ್ಲ. ಒಂದರಲ್ಲಿ ಬಸ್ಸಿನ ಕಂಡಕ್ಟರನ ಹಾಗೆ ಊರಿನ ಹೆಸರುಗಳನ್ನು ಕೂಗುತ್ತ ಹೋಗುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಹೆಸರು ಬಂದಂತೆ ಹಲಗಿ ಗೇರು ಬದಲಿಸುತ್ತಿತ್ತು. ಇನ್ನೊಂದರಲ್ಲಿ ಸಾವಿತ್ರಿಬಾಯಿ ಒಂಬತ್ತು ನಿಮಿಷ ಶಬ್ದವೇ ಇಲ್ಲದೆ ಬರೀ ನರಳುತ್ತಿದ್ದರು, ಹರಿದ ಸ್ಪೀಕರು ಅವರ ಜೊತೆ ಗೊರಗುಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆಗ ನನಗೂ ಅದು ಹುಚ್ಚಾಟ ಅನ್ನಿಸಿತು. ಸಾವಕಾರರು ಒಮ್ಮೆ ಇಣುಕಿ ನೋಡಿ, “ಯಾರಿಗೇನಾತೋ?” ಎಂದು ಗಾಬರಿಯಿಂದ ಕೇಳಿದರು.

ಕೊನೆಯ ಹಾಡು ಪರಸಪ್ಪನವರೊಬ್ಬರದೇ. ಜಲಾಶಯ ತುಂಬಿದ ಮೊದಲ ಮಳೆಗಾಲದ ಹಾಡು ಅದು. ನೀರು ಏರಿದಂತೆ ಒಂದೊಂದಾಗಿ ಮುಳುಗಿದ ಹೊಲಗಳ ಹೆಸರು, ಬಾವಿಗಳ ಹೆಸರು. ಅವರ ಹೆಂಡತಿ ಶಾಂತವ್ವನ ತವರೂರು ಆ ನೀರಿನ ಅಡಿಯಲ್ಲಿದೆ. ಹೆಸರುಗಳನ್ನೆಲ್ಲ ಅವರು ತಮ್ಮ ಮಾವನ ಬಾಯಿಂದ ಕೇಳಿ ಕಲಿತಿದ್ದರು. ಹಲಗಿಯ ಪೆಟ್ಟು ಮೊದಲು ದೂರ ದೂರ ಬಿದ್ದು, ನೀರು ಏರಿದಂತೆ ಹತ್ತಿರವಾಗಿ, ಕೊನೆಯ ಹೊಲದ ಹೆಸರು ಬಂದಾಗ ಥಟ್ಟನೆ ನಿಂತುಬಿಡುತ್ತಿತ್ತು. ಆ ಹಾಡು ಮುಗಿದಾಗ ಮಾತ್ರ ನಾನು ರೀಲು ನಿಲ್ಲಿಸಲು ಮರೆತು ಕೂತಿದ್ದೆ. ಮಾಸ್ತರರು ಕಣ್ಣಿನಿಂದಲೇ ಸನ್ನೆ ಮಾಡಬೇಕಾಯಿತು.

ಅವರ ಕಾರ್ಯಕ್ರಮಗಳಿಗೆ ಮೈಕು ಹಚ್ಚಿದವನೂ ನಾನೇ. ಕಾಲೇಜಿನ ಗ್ಯಾದರಿಂಗಿನಲ್ಲಿ ಮೊದಲ ಹಾಡು ಹತ್ತು ನಿಮಿಷ ನಡೆದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು, “ಶ್ರುತಿ ಕೂಡಿಸಿದ್ದು ಸಾಕ್ರಿ, ಇನ್ನ ಶುರು ಮಾಡ್ರಿ” ಎಂದು ಕೂಗಿದರು. ಸವದತ್ತಿಯಲ್ಲಿ ಒಂದು ಮಧ್ಯಾಹ್ನ ಸಂಘಟಕರು ಸಹಿಸಲಾರದೆ ಮೇನ್ ಸ್ವಿಚ್ಚನ್ನೇ ತೆಗೆದರು. ಗಿಟಾರು ಸತ್ತಿತು, ನನ್ನ ಆಂಪ್ಲಿಫೈಯರಿನ ದೀಪ ಆರಿತು. ಆದರೆ ಹಲಗಿಗೆ ಕರೆಂಟು ಬೇಕೆ? ಪರಸಪ್ಪನವರು ತಲೆ ಎತ್ತಲೂ ಇಲ್ಲ, ಬಾರಿಸುತ್ತಲೇ ಹೋದರು. ಸಾವಿತ್ರಿಬಾಯಿ ಮೈಕಿನಿಂದ ಎರಡು ಹೆಜ್ಜೆ ಮುಂದೆ ಬಂದು ನಾಟಕದ ಗಂಟಲಿನಲ್ಲಿ ಎತ್ತಿದರು. ಎದ್ದು ಹೊರಟ ಜನ ಬಾಗಿಲಲ್ಲೇ ನಿಂತರು. ನಾನು ಸುಮ್ಮನೆ ನಿಂತು ನೋಡಿದೆ. ನನಗಲ್ಲಿ ಮಾಡುವ ಕೆಲಸವೇ ಇರಲಿಲ್ಲ. ನಾನು ಹೋದ ಕಾರ್ಯಕ್ರಮಗಳಲ್ಲೆಲ್ಲ ಸದ್ದು ಚೆನ್ನಾಗಿದ್ದದ್ದು ಅದೊಂದರಲ್ಲೇ.

ಮುಂದಿನ ವರ್ಷ ಮಾಸ್ತರರಿಗೆ ಕಾರವಾರದ ಕಡೆ ಬೇರೆ ಕೆಲಸ ಸಿಕ್ಕಿತು, ಹೋದರು. ಮೇಳ ಮುಗಿಯಿತು. ರೀಲು ನಮ್ಮ ಕಪಾಟಿನಲ್ಲಿ ಉಳಿಯಿತು.

ಮೂರು ವರ್ಷ ಕಳೆಯಿತು. ಅಷ್ಟರಲ್ಲಿ ಸಿನೆಮಾದ ಹಾಡಿನಲ್ಲೆಲ್ಲ ಎಲೆಕ್ಟ್ರಿಕ್ ಗಿಟಾರು ಬರತೊಡಗಿತ್ತು. ನಿನ್ನೆ ಹುಚ್ಚು ಎಂದವರು ಇವತ್ತು ಅದಕ್ಕೆ ತಲೆದೂಗುತ್ತಿದ್ದರು. ಆಗ ಸಾವಕಾರರು ಹುಬ್ಬಳ್ಳಿಯಿಂದ ಮೋಹನರಾಜ್ ಎಂಬ ಮ್ಯೂಸಿಕ್ ಡೈರೆಕ್ಟರನ್ನು ಕರೆತಂದರು. ಆತ ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವನು. ಎರಡು ಸಲ ಮದ್ರಾಸಿಗೆ ಹೋಗಿಬಂದದ್ದರಿಂದ ನಮ್ಮ ಮಾತು ಅವನಿಗೆ ತಿಳಿಯುತ್ತಿರಲಿಲ್ಲ. ಬಿಸಿಲಿರಲಿ ಇಲ್ಲದಿರಲಿ ಕಪ್ಪು ಕನ್ನಡಕ ಹಾಕಿಕೊಂಡಿರುತ್ತಿದ್ದ. ಮುಂಬಯಿಯ ಒಂದು ಕಂಪನಿ ಕನ್ನಡದಲ್ಲಿ ಹೊಸ ನಮೂನೆಯ ಲಾಂಗ್‌ಪ್ಲೇ ರೆಕಾರ್ಡ್ ತರಲಿದೆ ಎಂದೂ, ಅದಕ್ಕೆ ಸರಕು ಒದಗಿಸುವ ಜವಾಬ್ದಾರಿ ತನ್ನದೆಂದೂ ಹೇಳಿದ. ಹೊಸದನ್ನು ಮಾಡುವ ತಾಕತ್ತು ಇಲ್ಲದವನು ಹಳೆಯದನ್ನು ಹುಡುಕುತ್ತ ಬಂದಿದ್ದ.

ನಾನು ರೀಲು ಹಾಕಿ ಕೇಳಿಸಿದೆ. ಕನ್ನಡಕದ ಹಿಂದೆ ಕಣ್ಣು ಮುಚ್ಚಿದನೋ ತೆರೆದನೋ ತಿಳಿಯಲಿಲ್ಲ. ಕೊನೆಗೆ, “ಐಡಿಯಾ ಇದೆ. ಆದ್ರೆ ಕಾಡು. ಇದಕ್ಕೆ ಹೊಸ ರೂಪ ಕೊಡ್ಬೇಕು” ಎಂದ.

“ಅಂದ್ರ ರಿಪೇರಿ” ಎಂದರು ಸಾವಕಾರರು.

“ಹಾಗೇ ಅಂದ್ಕೊಳ್ಳಿ. ಒಂಬತ್ತು ನಿಮಿಷದ್ದು ಮೂರು ನಿಮಿಷ ಆಗ್ಬೇಕು. ಈ ಯಮ್ಮನ ವಾಯ್ಸ್ ಬೇಡ, ನಮ್ಮ ಹುಡುಗಿ ಒಬ್ಳಿದಾಳೆ, ಎಕೋ ಹಾಕಿದ್ರೆ ಜೇನು. ಗಿಟಾರ್ ಇರ್ಲಿ. ಮೇಲೆ ಆರ್ಗನ್ನು, ಡ್ರಮ್ಸು ಕೂಡಿಸ್ತೀನಿ. ಮುಖ್ಯವಾಗಿ ಆ ಹಲಗೆ ತೆಗೀಬೇಕು. ಮದುವೆ ಮನೇಲಿ ಈ ಪ್ಲೇಟ್ ಹಾಕಿದ್ರೆ ಜನ ಹೆಣ ಎತ್ತೋಕೆ ಬಂದ್ರು ಅಂದ್ಕೋತಾರೆ.”

ಸಾವಕಾರರು ನಕ್ಕರು. ನಾನೂ ನಕ್ಕೆ. ಬರೆಯುವಾಗ ಆ ನಗುವನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಇದನ್ನು ಬರೆದು ಏನು ಪ್ರಯೋಜನ?

ಈಗ ನಿಮ್ಮ ಸ್ಟುಡಿಯೋಗಳಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಟ್ರ್ಯಾಕು. ಬೇಡವಾದದ್ದನ್ನು ಮುಚ್ಚಿದರೆ ಆಯಿತು. ನಮ್ಮದು ಒಂದೇ ಮೈಕಿನಲ್ಲಿ ಹಿಡಿದ ಸದ್ದು. ಗಿಟಾರು, ದನಿ, ಹಲಗಿ ಮೂರೂ ಒಂದರಲ್ಲೊಂದು ಬೆರೆತಿದ್ದವು. ಹಲಗಿಯನ್ನು ಮಾತ್ರ ತೆಗೆಯಲು ಸಾಧ್ಯವೇ ಇಲ್ಲ. ಹಾಗೆಂದು ಮೋಹನರಾಜನಿಗೆ ಹೇಳಿದೆ.

“ಎರಡು ಪೆಟ್ಟಿನ ನಡುವೆ ಖಾಲಿ ಜಾಗ ಇರತ್ತಲ್ಲ, ಆ ತುಂಡುಗಳನ್ನು ಕತ್ತರಿಸಿ ಜೋಡ್ಸಿ. ನಿಮ್ಮ ಕೈ ನೋಡಿದೀನಿ, ಜೋಶಿ. ಮದ್ರಾಸಲ್ಲೂ ಇಂಥ ಕೈ ಇಲ್ಲ” ಎಂದ ಅವನು.

ಆ ಒಂದು ಹೊಗಳಿಕೆಗೆ ನಾನು ಬಿದ್ದೆ. ನಕಲು ಮಾಡಿಕೊಂಡು ಅದನ್ನು ಕತ್ತರಿಸೋಣವೇ ಎಂದು ಕೇಳಿದೆ. ನಕಲಿನಲ್ಲಿ ಸುಯ್ಯೆನ್ನುವ ಸದ್ದು ಹೆಚ್ಚುತ್ತದೆ, ಅಸಲನ್ನೇ ಕತ್ತರಿಸಿ ಎಂದ. ಎರಡನೆಯ ಸಲ ನಾನು ಕೇಳಲಿಲ್ಲ.

ಕತ್ತರಿಸುವ ಮೊದಲು ಒಂದು ಕಾಗದದ ಕೆಲಸವಿತ್ತು. ಹಾಡುಗಳನ್ನು ಬಳಸಲು ನಮ್ಮ ಒಪ್ಪಿಗೆ ಇದೆ ಎಂದು ಮೇಳದ ಮೂವರೂ ಸಹಿ ಮಾಡಬೇಕು. ಮಾಸ್ತರರಿಗೆ ಸಾವಕಾರರು ಅಂಚೆಯಲ್ಲಿ ಕಳಿಸಿದರು. ಅವರು ‘ಹಾಡು ನಾಲ್ಕು ಜನ ಕೇಳಿದರೆ ಸಂತೋಷ’ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿದರು. ಏನು ಮಾಡಲಿದ್ದೇವೆಂದು ನಾವು ಬರೆದಿದ್ದರಲ್ಲವೇ ಅವರಿಗೆ ಗೊತ್ತಾಗುವುದು! ಸಾವಿತ್ರಿಬಾಯಿ ರಾಮದುರ್ಗದಲ್ಲಿ ಮೆಣಸಿನಕಾಯಿ ಆರಿಸುತ್ತ ಕೂತಿದ್ದರು. ಕಾಗದ ಓದಲೂ ಇಲ್ಲ. “ತಮ್ಮಾ, ಕಂಪನ್ಯಾಗ ಇಂಥಾ ಕಾಗದಕ್ಕ ನೂರು ಸಲ ಸಹಿ ಮಾಡೇನಿ. ಒಂದರಾಗೂ ನನಗ ಒಳ್ಳೇದಾಗುವಂಥಾದ್ದು ಬರದಿರಲಿಲ್ಲ. ತಾ ಇಲ್ಲೆ” ಎಂದು ಗೀಚಿಕೊಟ್ಟರು.

ಪರಸಪ್ಪನವರು ಮಾತ್ರ ಓದಿದರು. ಮುನವಳ್ಳಿಯ ಅವರ ಮನೆಯ ಕಟ್ಟೆಯ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು.

“ಇದರಾಗ ‘ಅವಶ್ಯ ಬದಲಾವಣೆ’ ಅಂತ ಬರದಾರಲ್ರಿ. ಏನು ಬದಲಾವಣೆ?”

“ಸಣ್ಣಪುಟ್ಟದ್ದು. ಒಂದೀಟು ಉದ್ದ ಕಮ್ಮಿ ಮಾಡ್ತಾರ” ಎಂದೆ.

“ಹಲಗಿ?”

“ಹಲಗಿ ಇರತದ್ರಿ. ಹಲಗಿ ಇಲ್ಲದ ಆ ಹಾಡ ಹೆಂಗ ಆಗತಾವ?”

“ನೀವು ಖಾತ್ರಿ ಹೇಳಾಕ ಹತ್ತೀರಿ?”

“ಕತ್ತರಿ ನನ್ನ ಕೈಯಾಗ ಅದ. ನಾನ ಹೇಳಾಕ ಹತ್ತೇನಿ.”

ಅವರು ಸಹಿ ಮಾಡಿದರು. ಒಳಗಿನಿಂದ ಶಾಂತವ್ವ ಚಹಾ ತಂದಿಟ್ಟು, “ಆ ನೀರಿನ ಹಾಡೂ ಪ್ಲೇಟಿನ್ಯಾಗ ಬರತೈತೇನ್ರಿ? ನಮ್ಮಪ್ಪ ಇನ್ನೂ ಅದಾನ. ಒಮ್ಮಿ ಕೇಳಿಸಬೇಕಿತ್ತು” ಎಂದರು. ಆ ಹಾಡನ್ನು ಮೋಹನರಾಜ್ ಬೇಡವೆಂದು ಬಿಟ್ಟಿದ್ದ. “ಅದು ನಮ್ಮ ಹತ್ರ ಟೇಪಿನಾಗ ಭದ್ರ ಅದ್ರಿ. ಯಾವಾಗ ಬಂದ್ರೂ ಕೇಳಸ್ತೇನಿ” ಎಂದು ಹೇಳಿ ಚಹಾ ಕುಡಿದೆ. ಅದೊಂದನ್ನು ನಾನು ನಂಬಿಯೇ ಹೇಳಿದ್ದೆ.

ಎರಡು ವಾರ ಬ್ಲೇಡು, ಅಂಟುಪಟ್ಟಿ ಹಿಡಿದು ಕೂತೆ. ಹಲಗಿಯ ಪೆಟ್ಟು ಬೀಳುವ, ಸಾವಿತ್ರಿಬಾಯಿಯವರ ದನಿ ಬರುವ ಜಾಗಗಳನ್ನು ಕೈಯಿಂದ ರೀಲು ತಿರುಗಿಸಿ ಹುಡುಕಿ, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಕತ್ತರಿಸಿ ಎಸೆದೆ. ನೆಲದ ಮೇಲೆ ಕಂದು ಬಣ್ಣದ ತುಂಡುಗಳು ರಾಶಿಬಿದ್ದವು. ಉಳಿದ ಗಿಟಾರಿನ ಚೂರುಗಳನ್ನು ಜೋಡಿಸಿದೆ. ಅದನ್ನು ಒಂದು ಮಷೀನಿನಲ್ಲಿ ಓಡಿಸಿ, ಅದರ ಮೇಲೆ ಹುಬ್ಬಳ್ಳಿಯವರ ಆರ್ಗನ್ನು, ಡ್ರಮ್ಮು, ಹುಡುಗಿಯ ಹಾಡು ಕೂಡಿಸಿ, ಎರವಲು ತಂದ ಇನ್ನೊಂದು ಮಷೀನಿನಲ್ಲಿ ಹಿಡಿದೆವು. ಅದೇ ಢಬ್ಬು-ಟಪ್ಪು ತಾಳವನ್ನು ದಿನಕ್ಕೆ ನೂರು ಸಲ ಕೇಳಿದೆ. ಬಸ್ಸಿನ ಹಾಡಿನಲ್ಲಿ ಊರಿನ ಹೆಸರುಗಳ ಬದಲು ‘ಪ್ರಿಯಾ ಪ್ರಿಯಾ’ ಎಂದು ಬಂತು. ಕೆಲವು ಕಡೆ ಗಿಟಾರಿನ ಹಿಂದೆ ಹಲಗಿಯ ಬಾಲ ಉಳಿದಿತ್ತು. ಅಲ್ಲೆಲ್ಲ ಮೋಹನರಾಜ್ ಡ್ರಮ್ಮಿನವನಿಗೆ, “ಮುಚ್ಚು, ಮುಚ್ಚು” ಎಂದು ಕೈಸನ್ನೆ ಮಾಡುತ್ತಿದ್ದ. ಅವನ ಇಡೀ ಸಂಗೀತವೇ ಅದು, ಮುಚ್ಚುವುದು.

ಅಸಲು ರೀಲಿನ ಗತಿ ಏನಾಯಿತೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನಮ್ಮ ಮಷೀನು ಟೇಪಿನ ಅರ್ಧ ಅಗಲದಲ್ಲಿ ಮಾತ್ರ ಬರೆಯುತ್ತಿತ್ತು. ಒಂದು ಬದಿ ಮುಗಿದ ಮೇಲೆ ರೀಲನ್ನು ಮಗುಚಿ ಹಾಕಿದರೆ ಉಳಿದ ಅರ್ಧದಲ್ಲಿ ಇನ್ನೊಂದು ಬದಿ. ಐದು ಹಾಡುಗಳು ಒಂದು ಬದಿಯಲ್ಲಿದ್ದವು. ಪರಸಪ್ಪನವರ ನೀರಿನ ಹಾಡು ಇನ್ನೊಂದು ಬದಿಯಲ್ಲಿತ್ತು. ನಾನು ಈ ಬದಿಯ ಹಲಗಿಯನ್ನು ಕತ್ತರಿಸಿದಾಗಲೆಲ್ಲ ಆ ಬದಿಯ ಹಾಡನ್ನೂ ಕತ್ತರಿಸಿದ್ದೆ. ಈ ಸಂಗತಿ ಗೊತ್ತಿಲ್ಲದವನೇನಲ್ಲ ನಾನು. ದಿನಾಲು ರೀಲು ಮಗುಚುತ್ತಿದ್ದವನು. ಮದ್ರಾಸಿನಲ್ಲೂ ಇಲ್ಲದ ಕೈಗೆ ಅದು ನೆನಪಾಗಲಿಲ್ಲ. ಮಗುಚಿ ಹಾಕಿ ಕೇಳಿದೆ. ಅರ್ಧ ಹೆಸರು, ಮತ್ತೊಂದರ ಬಾಲ, ಒಂದು ಪೆಟ್ಟು, ಮತ್ತೆ ಅರ್ಧ ಹೆಸರು. ನೆಲದ ತುಂಡುಗಳನ್ನು ಅಂಗಡಿ ಗುಡಿಸುವಾಗ ಹೊರಗೆ ಹಾಕಿಯಾಗಿತ್ತು.

ರೆಕಾರ್ಡು ಅಚ್ಚಾಗಿ ಬಂತು. ಹೊದಿಕೆಯ ಮೇಲೆ ಅದುವರೆಗೆ ಯಾವ ವಾದ್ಯವನ್ನೂ ಮುಟ್ಟಿರದ ಹುಡುಗಿಯೊಬ್ಬಳು ಗಿಟಾರನ್ನು ತಲೆಕೆಳಗಾಗಿ ಹಿಡಿದು ನಗುತ್ತಿದ್ದಳು. ಮೋಹನರಾಜನ ಹೆಸರು ಬೆರಳುದ್ದ. ಹಿಂಬದಿಯಲ್ಲಿ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ ಮೂವರ ಹೆಸರು, ‘ಸಹಕಾರ’ ಎಂದು.

ಬಿಡುಗಡೆಯ ಸಮಾರಂಭ ಬೈಲಹೊಂಗಲದಲ್ಲೇ ಒಂದು ರವಿವಾರ ಮುಂಜಾನೆ ನಡೆಯಿತು. ಮಾಸ್ತರರು ಬರಲಿಲ್ಲ. ಸಾವಿತ್ರಿಬಾಯಿ ಬಂದರು. ಪರಸಪ್ಪನವರು ಶಾಂತವ್ವನನ್ನೂ ಆಕೆಯ ಮುದಿ ತಂದೆಯನ್ನೂ ಕರೆದುಕೊಂಡು ಬಂದರು. ಮೂರನೆಯ ಸಾಲಿನಲ್ಲಿ ಕೂತರು. ವೇದಿಕೆಯ ಮೇಲಿದ್ದವರು ಸಂಗೀತದ ಬಗ್ಗೆ ಒಂದು ಗಂಟೆ ಮಾತಾಡಿದರು. ಒಬ್ಬರಿಗೂ ಅದರ ಗಂಧವಿರಲಿಲ್ಲ. ಆಮೇಲೆ ನಾನು ಸೂಜಿ ಇಟ್ಟೆ. ಐದು ಹಾಡೂ ಮುಗಿದವು. ಜನ ಚಪ್ಪಾಳೆ ಹೊಡೆದರು. ಪರಸಪ್ಪನವರು ಮುಗಿಯುವವರೆಗೂ ತಲೆ ತಗ್ಗಿಸಿ, ಒಂದು ಕಿವಿ ಸ್ಪೀಕರಿನ ಕಡೆ ಕೊಟ್ಟು ಕೂತಿದ್ದರು. ಹುಡುಕುತ್ತಿದ್ದರು.

ಸಾವಿತ್ರಿಬಾಯಿ ಮೊದಲು ನನ್ನ ಹತ್ತಿರ ಬಂದು, “ತಮ್ಮಾ, ನನ್ನ ಹೆಸರು ಹಾಕಿ ಆ ಹುಡುಗಿ ಕಡಿಂದ ಹಾಡಸೀರಿ. ಪಾಪ, ಅಕಿ ಹೆಸರರೆ ಹಾಕಬಾರದ? ಅಕಿನೂ ಮುಂದ ಮುದುಕಿ ಆಗಾಕಿ” ಎಂದು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

ಪರಸಪ್ಪನವರು ಜನ ಕರಗುವವರೆಗೆ ಕಾದು ಬಂದರು. ದನಿ ಏರಿಸಲಿಲ್ಲ.

“ಜೋಶಿಯವರ, ಮಾವಗ ನೀರಿನ ಹಾಡು ಕೇಳಸ್ತೀರೇನು? ಅದರ ಸಲುವಾಗಿ ಅವರನ್ನ ಕರಕೊಂಡು ಬಂದೇನಿ.”

ಹೇಳಿದೆ. ಎರಡು ಬದಿಯ ವಿಷಯ, ಬ್ಲೇಡಿನ ವಿಷಯ, ತುಂಡುಗಳ ವಿಷಯ ಎಲ್ಲ ಹೇಳಿದೆ. ಮುದುಕನಿಗೆ ಕಿವಿ ಮಂದ; “ಏನಂತಾರ?” ಎಂದು ಮಗಳನ್ನು ಕೇಳಿದ. ಶಾಂತವ್ವ ಅವನ ಕಿವಿಯ ಹತ್ತಿರ, “ಇಲ್ಲಂತಪ್ಪಾ, ನಡಿ” ಎಂದರು.

ಪರಸಪ್ಪನವರು ನನ್ನ ಕಡೆ ತಿರುಗಿ, “ಹಂಗಾರ ನನ್ನ ಸಹಿ ನನಗ ವಾಪಸ್ ಕೊಡ್ರಿ” ಎಂದರು.

ಸಾವಕಾರರನ್ನು ಕೇಳಿದೆ. “ಸಹಿ ಏನು ಎರವಲು ತಂದ ಗುದ್ದಲಿ ಏನೋ, ವಾಪಸ್ ಕೊಡಾಕ?” ಎಂದು ಬೈದರು. ಮರುದಿನ ಅವರು ಊಟಕ್ಕೆ ಹೋದಾಗ ಫೈಲಿನಿಂದ ಆ ಕಾಗದ ತೆಗೆದುಕೊಂಡೆ. ಒಂದು ಹೊಸ ರೀಲನ್ನು ಸ್ವಂತಕ್ಕೆ ತರಿಸಿಟ್ಟಿದ್ದೆ. ಮಷೀನು ಎತ್ತಿಕೊಂಡು ಮುನವಳ್ಳಿಯ ಬಸ್ಸು ಹತ್ತಿದೆ. ನನ್ನ ಲೆಕ್ಕಾಚಾರ ಸರಳವಿತ್ತು: ಕಾಗದ ಕೊಡುವುದು, ಹಾಡನ್ನು ಹೊಸದಾಗಿ ಹಿಡಿಯುವುದು, ತಪ್ಪು ಅಳಿಸಿಹೋಗುವುದು. ಟೇಪಿನವರ ಬುದ್ಧಿ ಇದು. ಏನು ಕೆಟ್ಟರೂ ಅಳಿಸಿ ಮತ್ತೆ ಹಿಡಿಯಬಹುದು ಎಂದುಕೊಳ್ಳುತ್ತೇವೆ.

ಪರಸಪ್ಪನವರು ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ತೆರೆದ ಬಾಗಿಲಿನೊಳಗೆ ಗೋಡೆಯ ಮೇಲೆ ಬುದ್ಧನ ಪಟ ಕಾಣುತ್ತಿತ್ತು, ಅದರ ಕೆಳಗೆ ಗೂಟಕ್ಕೆ ಹಲಗಿ. ಕಾಗದ ಕೊಟ್ಟೆ. ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿದರು. ಕಿಸೆಯಿಂದ ಪೆನ್ನು ತೆಗೆದು ತಮ್ಮ ಸಹಿಯ ಮೇಲೆ ಒಂದು ಗೆರೆ ಎಳೆದು, ಮಡಚಿ ಇಟ್ಟುಕೊಂಡರು.

“ಪ್ಲೇಟು ಊರ ತುಂಬ ಹೋಗೇತಿ, ಗೊತ್ತೈತಿ. ಆದ್ರೂ ಇದು ನನ್ನ ಕಡೆ ಇರಲಿ” ಎಂದರು.

ನಾನು ಮಷೀನಿನ ಮುಚ್ಚಳ ತೆಗೆಯುತ್ತ, “ಪರಸಪ್ಪನವರ, ಇನ್ನೊಮ್ಮೆ ಬಾರಸ್ರಿ. ಈ ಸಲ ಎರಡನೇ ಬದಿ ಖಾಲಿ ಬಿಡತೇನಿ. ಯಾರೂ ಕೈ ಹಚ್ಚದಂಗ ನಾನ ಕಾಯತೇನಿ” ಎಂದೆ.

ಅವರು ಮುಚ್ಚಳದ ಮೇಲೆ ಕೈಯಿಟ್ಟರು.

“ನಮ್ಮಪ್ಪ ಹಲಗಿ ಯಾಕ ಬಿಟ್ಟ ಗೊತ್ತೇನ್ರಿ? ಹಲಗಿ ಮ್ಯಾಲ ಸಿಟ್ಟಿಗಲ್ಲ. ಯಾರರೆ ಬಂದು ಬಾಗಲದಾಗ ನಿಂತು ‘ಬಾ, ಬಾರಸು’ ಅಂದ್ರ ಉಣ್ಣೂ ಗಂಗಾಳ ಬಿಟ್ಟು ಹೋಗಬೇಕಿತ್ತು. ಅದನ್ನ ಬಿಟ್ಟ. ನಾ ಕಲತದ್ದು ಅಂವಾ ಬಿಟ್ಟ ಮ್ಯಾಲ, ನನ್ನ ಖುಷಿಗೆ. ಅನಂತ ಮಾಸ್ತರು ನನ್ನ ಕರೀಲಿಲ್ರಿ. ಅವರ ತಂತಿ ಕೇಳಿ ನಾನ ಹೋಗಿ ಅವರ ಬಾಜೂಕ ಕುಂತೆ. ಈಗ ನೀವು ಬಾಗಲಕ್ಕ ಬಂದು ಬಾರಸ್ರಿ ಅನ್ನಾಕ ಹತ್ತೀರಿ. ಮರ್ಯಾದಿಲೇ ಅಂತೀರಿ, ಅದು ಖರೆ. ಆದ್ರ ಇಲ್ರಿ.”

“ಹಂಗಾದ್ರ ಆ ಹಾಡು ಹೋಗಿಬಿಡತದಲ್ರಿ?”

“ಎಲ್ಲಿ ಹೋಗತೈತಿ? ನೀವು ಕಳಕೊಂಡೀರಿ. ನನಗ ಬರತೈತಿ. ನಿನ್ನೆ ಊರಿಗೆ ಬಂದ ಮ್ಯಾಲ ಮಾವಗ ಕೇಳಿಸೇನಿ. ಎರಡು ಹೆಸರು ತಪ್ಪು ಹೇಳಿದ್ನಂತ, ತಿದ್ದಿದ ಅಂವಾ.”

ಶಾಂತವ್ವ ಚಹಾ ಕೊಟ್ಟರು. ಕುಡಿದೆವು. ಹೊರಟಾಗ ಪರಸಪ್ಪನವರು ಮಷೀನಿನ ಒಂದು ಹಿಡಿ ತಾವು ಹಿಡಿದುಕೊಂಡರು. ಬೇಡವೆಂದೆ, ಬಿಡಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಅದನ್ನು ನಡುವೆ ಹಿಡಿದುಕೊಂಡು ನಡೆದೆವು. ಈ ವರ್ಷ ನೀರು ಹೇಗಿದೆ ಎಂದು ಕೇಳಿದೆ. ಇನ್ನೂ ಏರಬೇಕು ಎಂದರು. ಬಸ್ಸು ಬಂತು. ಮಷೀನನ್ನು ನನ್ನ ಸೀಟಿನ ಮೇಲೆ ಇಟ್ಟು ಇಳಿದು ಹೋದರು, ತಿರುಗಿ ನೋಡಲಿಲ್ಲ.

ಸಾವಕಾರರು ಅವತ್ತೇ ನನ್ನನ್ನು ತೆಗೆದರು. ಕೆಲ ತಿಂಗಳಲ್ಲಿ ಧಾರವಾಡಕ್ಕೆ ಹೋದೆ. ಅದು ನಿಮಗೆ ಬೇಡದ ಭಾಗ. ನಿಮಗೆ ಹೇಳಬೇಕಾದದ್ದು ಆ ಬಸ್ಸಿನಲ್ಲಿ ಆದದ್ದು. ಮುನವಳ್ಳಿ ದಾಟಿದ ಮೇಲೆ ನಾನು ಅಂದುಕೊಂಡೆ: ಅವರು ಬಾರಿಸದಿದ್ದರೆ ಏನಾಯಿತು, ನಾಲ್ಕು ರವಿವಾರ ಎದುರಿಗೆ ಕೂತು ಕೇಳಿದ್ದೇನೆ, ನೆನಪಿನಿಂದಲೇ ಆ ಪೆಟ್ಟನ್ನು ಹಿಡಿದುಕೊಂಡೇನು. ಮಷೀನಿನ ಮುಚ್ಚಳದ ಮೇಲೆ ಬೆರಳಿನಿಂದ ಬಾರಿಸಲು ನೋಡಿದೆ. ದೂರ ದೂರ ಬೀಳುವ ಆ ಮೊದಲ ಪೆಟ್ಟುಗಳು ಬರಲಿಲ್ಲ. ಮತ್ತೆ ನೋಡಿದೆ. ಕಣ್ಣು ಮುಚ್ಚಿ, ಮೊದಲ ಹೊಲದ ಹೆಸರಿನಿಂದ ಶುರುಮಾಡಬೇಕೆಂದು ನೋಡಿದೆ, ಹೆಸರು ನೆನಪಾಗಲಿಲ್ಲ. ಬೈಲಹೊಂಗಲ ಬರುವವರೆಗೂ ನನ್ನ ಬೆರಳಿನಿಂದ ಹೊರಟದ್ದು ಮೋಹನರಾಜನ ಢಬ್ಬು-ಟಪ್ಪು ಒಂದೇ.